ಪಟ್ಟಿ ಹರಿದು ಹಾಕಿ, ಆಮೇಲೆ ಪುಸ್ತಕ ಆರಿಸೋಣ

ಪ್ರಶ್ನೆ: ಪ್ರತಿ ವರ್ಷ ಏಪ್ರಿಲ್ ಎರಡನೆಯ ವಾರ ಮಕ್ಕಳ ಪರೀಕ್ಷೆ ಮುಗಿಯುತ್ತಿದ್ದಂತೆ ದಾವಣಗೆರೆಯಿಂದ ಸಾಗರದ ಹತ್ತಿರದ ನನ್ನ ತವರಿಗೆ ಹೋಗುತ್ತೇವೆ. ಬೆಂಗಳೂರಿನಿಂದ ತಮ್ಮನ ಸಂಸಾರವೂ ಬಂದು ಸೇರುತ್ತದೆ. ಹೋದ ಬೇಸಿಗೆಯಲ್ಲಿ, ಎಲ್ಲರೂ ಪುಸ್ತಕ ಓದಿ ಒಬ್ಬರಿಗೊಬ್ಬರು ಹೇಳಿಕೊಳ್ಳೋಣ ಎಂಬ ಹುರುಪಿನಲ್ಲಿ ‘ಓದಲೇಬೇಕಾದ ಕನ್ನಡ ಪುಸ್ತಕಗಳು’ ಎಂಬ ಪಟ್ಟಿಯೊಂದನ್ನು ಹುಡುಕಿ, ಅದರಲ್ಲಿ ಹದಿನಾಲ್ಕನ್ನು ಕೊಂಡು ಒಯ್ದೆ. ಮುಗಿದದ್ದು ಒಂದೇ, ಓದಿದವಳೂ ನಾನೇ. ಅಮ್ಮನಿಗೆ 72 ವರ್ಷ, ಕಣ್ಣು ಮಂಜು. ತಮ್ಮ ಇಂಗ್ಲಿಷಿನಲ್ಲಿ ಮಾತ್ರ ಓದುತ್ತಾನೆ. ನನ್ನ ಮಗನಿಗೆ 15, ಮಗಳಿಗೆ 11. ತಮ್ಮನ ಮಗಳಿಗೆ 8. ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ನಮ್ಮ ಯಜಮಾನರು ದಿನಪತ್ರಿಕೆ ಬಿಟ್ಟು ಬೇರೇನನ್ನೂ ಮುಟ್ಟುವವರಲ್ಲ. ಈ ಸಲಕ್ಕೆ ಒಂದು ಒಳ್ಳೆಯ ಪಟ್ಟಿ ಕೊಡುತ್ತೀರಾ? ಹೆಚ್ಚು ಪುಸ್ತಕ ಓದಿದ ಮಗುವಿಗೆ ಬಹುಮಾನ ಇಡಬಹುದೆ?

ಉತ್ತರ: ಮೊದಲು ಆ ಹದಿನಾಲ್ಕು ಪುಸ್ತಕಗಳನ್ನು ಕಪಾಟಿನಿಂದ ಕೆಳಗಿಳಿಸಿ. ಮುಖಪುಟ ನೋಡಬೇಡಿ. ಪುಸ್ತಕವನ್ನು ಮುಚ್ಚಿ, ಹಾಳೆಗಳ ಅಂಚು ಕಾಣುವಂತೆ ಬೆಳಕಿಗೆ ಹಿಡಿಯಿರಿ. ಬೆರಳು ತಾಗಿದಷ್ಟು ಭಾಗ ಮಾಸಿರುತ್ತದೆ, ಅಲ್ಲಿಂದಾಚೆಗೆ ಅಂಚು ಹೊಸದರಂತೆ ಬೆಳ್ಳಗಿರುತ್ತದೆ. ಓದುಗ ಎಲ್ಲಿ ಎದ್ದು ಹೋದನೆಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಹೇಳುವ ಸಾಕ್ಷಿ ಇನ್ನೊಂದಿಲ್ಲ. ತಾಲ್ಲೂಕು ಕೇಂದ್ರವೊಂದರ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಕೂತಿದ್ದ ನನಗೆ ಅದು ಅಭ್ಯಾಸವಾಗಿ ಹೋಗಿತ್ತು. ‘ತುಂಬಾ ಚೆನ್ನಾಗಿದೆ ಸಾರ್’ ಎಂದು ಹೇಳುತ್ತ ಪುಸ್ತಕ ವಾಪಸು ಕೊಡುತ್ತಿದ್ದವರ ಕೈಯಿಂದ ಅದನ್ನು ಇಸಿದುಕೊಂಡು ಅಂಚು ನೋಡಿದರೆ ಐವತ್ತನೆಯ ಪುಟದ ಆಸುಪಾಸಿನಲ್ಲಿ ಕೊಳೆ ನಿಂತಿರುತ್ತಿತ್ತು. ಪಾಪ, ಸುಳ್ಳು ಹೇಳಬೇಕೆಂದು ಅವರು ಹೇಳಿದ್ದಲ್ಲ. ದೊಡ್ಡವರ ಹೆಸರಿನ ಪುಸ್ತಕ ಹಿಡಿಸಲಿಲ್ಲ ಎನ್ನುವುದಕ್ಕೆ ನಮ್ಮಲ್ಲಿ ಇನ್ನೂ ಸಂಕೋಚ.

ಪಟ್ಟಿಯ ತೊಂದರೆ ಇಲ್ಲೇ ಶುರುವಾಗುತ್ತದೆ. ‘ಓದಲೇಬೇಕಾದ’ ಎಂದು ತಲೆಬರಹ ಕೊಟ್ಟ ಮರುಗಳಿಗೆ ಅದು ಪಠ್ಯಪುಸ್ತಕದ ಸಾಲಿಗೆ ಸೇರಿತು. ಅದನ್ನು ಬರೆದವರಿಗೆ ನಿಮ್ಮ ಅಮ್ಮನ ಕಣ್ಣಿನ ಮಂಜು ಗೊತ್ತಿಲ್ಲ, ನಿಮ್ಮ ಮಗನ ಸಿಡುಕು ಗೊತ್ತಿಲ್ಲ, ಮಧ್ಯಾಹ್ನ ಎರಡು ಗಂಟೆಗೆ ಕರೆಂಟು ಹೋದರೆ ನಿಮ್ಮ ತವರಿನ ಜಗಲಿಯಲ್ಲಿ ಎಷ್ಟು ಸೆಕೆಯಾಗುತ್ತದೆ ಎನ್ನುವುದೂ ಗೊತ್ತಿಲ್ಲ. ಪಟ್ಟಿಯಲ್ಲಿರುವುದು ಪುಸ್ತಕಗಳ ಯೋಗ್ಯತೆ. ನಿಮಗೆ ಬೇಕಾದದ್ದು ಇಂಥವರಿಗೆ ಇಂಥದು ಎಂಬ ಲೆಕ್ಕ. ಆದ್ದರಿಂದ ಪಟ್ಟಿ ಕೊಡುವುದಿಲ್ಲ. ನಿಮ್ಮ ಮನೆಯ ಒಬ್ಬೊಬ್ಬರ ಹೆಸರು ಹಿಡಿದು ಮಾತಾಡುತ್ತೇನೆ.

ಈ ತಪ್ಪನ್ನು ನಾನೂ ಮಾಡಿದವನೇ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ನಾನು ಕೊಟ್ಟ ಮೊದಲ ಪುಸ್ತಕ ಆರುನೂರು ಪುಟಗಳ ಗಟ್ಟಿ ರಟ್ಟಿನ ಕಾದಂಬರಿ. ಹೆಸರು ಹೇಳುವುದಿಲ್ಲ, ಲೇಖಕರ ಮೇಲೆ ನನಗೆ ಅಪಾರ ಗೌರವ. ಆ ಬೇಸಿಗೆಯಲ್ಲಿ ಅದು ನಮ್ಮ ತಾರಸಿಯ ಮೇಲೆ, ಹಪ್ಪಳ ಒಣಹಾಕಿದ ಬಟ್ಟೆ ಗಾಳಿಗೆ ಹಾರದಂತೆ ಒಂದು ಮೂಲೆಯಲ್ಲಿ ಕೂತಿತ್ತು. ಉಳಿದ ಮೂರು ಮೂಲೆಗಳಲ್ಲಿ ಕಲ್ಲು. ಕೆಲವು ವರ್ಷಗಳ ಮೇಲೆ ಅವಳು ತಾನಾಗಿ ಅದನ್ನು ಎತ್ತಿಕೊಂಡು ಓದಿ ಮುಗಿಸಿ, ‘ಇದನ್ನು ಆಗ ಯಾಕೆ ಕೊಟ್ಟಿರಿ?’ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ನನಗೆ ಇಷ್ಟವಾಗಿತ್ತು, ಅದಕ್ಕೆ ಕೊಟ್ಟಿದ್ದೆ. ಅಷ್ಟು ಸಾಲದು.

ನಿಮ್ಮ ಅಮ್ಮನಿಂದಲೇ ತೊಡಗೋಣ. ಪತ್ರದಲ್ಲಿ ಅವರ ಬಗ್ಗೆ ಇರುವುದು ‘ಕಣ್ಣು ಮಂಜು’ ಎಂಬ ಎರಡೇ ಪದ. ಅವರು ಹಿಂದೆ ಏನು ಓದುತ್ತಿದ್ದರು ಎಂದು ಯಾವತ್ತಾದರೂ ಕೇಳಿದ್ದೀರಾ? ಅವರ ಪ್ರಾಯದ ಮಲೆನಾಡಿನ ಹೆಂಗಸರಲ್ಲಿ ಅನೇಕರು ಒಂದು ಕಾಲಕ್ಕೆ ವಾರಪತ್ರಿಕೆಯ ಧಾರಾವಾಹಿಗೆ ಬಸ್ಸಿನ ದಾರಿ ಕಾದವರು. ‘ಸುಧಾ’ 1965ರಲ್ಲಿ ಬಂತು, ‘ತರಂಗ’ 1983ರಲ್ಲಿ. ವಾರ ವಾರ ಧಾರಾವಾಹಿಯ ಪುಟಗಳನ್ನು ಕತ್ತರಿಸಿ, ಕಂತು ಮುಗಿದ ಮೇಲೆ ದಬ್ಬಳದಲ್ಲಿ ಪೋಣಿಸಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಇಟ್ಟುಕೊಂಡ ಕಟ್ಟುಗಳು ಇಂದಿಗೂ ಎಷ್ಟೋ ಮನೆಗಳ ಅಟ್ಟದಲ್ಲಿವೆ. ಹಿಂಬದಿಯಲ್ಲಿ ಸೋಪಿನ ಜಾಹೀರಾತು, ಅಡುಗೆಯ ಅರ್ಧ ವಿಧಾನ. ನೆರೆಮನೆಯವರು ಓದಲು ಒಯ್ದು ವಾಪಸು ಕೊಡದ ಕಟ್ಟಿನ ಸಿಟ್ಟು ಕೆಲವರಿಗೆ ಇನ್ನೂ ಇಳಿದಿಲ್ಲ. ನೀವು ಈಗ ಕಲಿಯಲು ಹೊರಟಿರುವ ಓದಿ ಹಂಚಿಕೊಳ್ಳುವ ವಿದ್ಯೆ ನಿಮ್ಮ ತವರಿನ ಅಡುಗೆಮನೆಯಲ್ಲೇ ಇದ್ದಿರಬಹುದು. ಹೋದ ದಿನವೇ ಅಟ್ಟ ಹತ್ತಿ ನೋಡಿ. ಈ ಬೇಸಿಗೆಯ ಮೊದಲ ಶಿಫಾರಸು ಅವರದ್ದಾಗಲಿ, ನಿಮ್ಮದು ಬೇಡ.

ಅವರಿಗೆ ಕೊಡಲು ಎಂ.ಕೆ. ಇಂದಿರಾ. ಅವರು ತೀರ್ಥಹಳ್ಳಿಯಲ್ಲಿ ಹುಟ್ಟಿದವರು, ಬರೆಯಲು ತೊಡಗಿದ್ದೇ 45ರ ಪ್ರಾಯದ ಹೊತ್ತಿಗೆ. ‘ತುಂಗಭದ್ರ’ 1963ರದ್ದು, ‘ಫಣಿಯಮ್ಮ’ 1976ರದ್ದು. ಬಾಲವಿಧವೆಯಾಗಿ ಆ ಮಡಿಯ ಬದುಕನ್ನು ಬಾಯಿ ಬಿಡದೆ ಬದುಕಿದ, ಕೊನೆಗೆ ಆ ಮಡಿಯ ಮೇಲೇ ತೀರ್ಪು ಕೊಡುವ ಹೆಂಗಸೊಬ್ಬಳ ಕಥೆ ಅದು; ತಮ್ಮ ಮನೆತನದ ಹಿರಿಯಳೊಬ್ಬಳ ಜೀವನವನ್ನೇ ಅವರು ಬರೆದರು. ನಿಮ್ಮ ಅಮ್ಮ ಅದನ್ನು ಓದಿಯೇ ಇರಬಹುದು. ಇದ್ದರೆ ಇನ್ನೂ ಒಳ್ಳೆಯದು. ಮಂಜುಗಣ್ಣಿಗೆ ದಪ್ಪಕ್ಷರದ ಪುಸ್ತಕ ಹುಡುಕುತ್ತಾ ಅಲೆಯಬೇಡಿ, ಕನ್ನಡದಲ್ಲಿ ಅದು ಅಪರೂಪ. ನಿಮ್ಮ 11ರ ಮಗಳನ್ನು ಪಕ್ಕದಲ್ಲಿ ಕೂರಿಸಿ. ಹಲಸಿನ ಹಪ್ಪಳ ಲಟ್ಟಿಸುವಾಗ ಅಜ್ಜಿಯ ಕೈಗೆ ಕೆಲಸವಿರುತ್ತದೆ, ಕಿವಿಗೆ ಇರುವುದಿಲ್ಲ. ಹುಡುಗಿ ಓದಲಿ. ‘ಮಡಿ ಎಂದರೇನು, ಮಡಿಹೆಂಗಸು ಎಂದರೆ ಯಾರು, ಅವರ ತಲೆಗೂದಲು ಯಾಕೆ ತೆಗೆಸುತ್ತಿದ್ದರು?’ ಎಂದು ನಡುವೆ ಕೇಳಿಯೇ ಕೇಳುತ್ತಾಳೆ. ಅಜ್ಜಿ ಲಟ್ಟಣಿಗೆ ನಿಲ್ಲಿಸಿ ಹೇಳುವ ಉತ್ತರ ಯಾವ ಮುನ್ನುಡಿಯಲ್ಲೂ ಸಿಗುವುದಿಲ್ಲ. ಆ ದಿನ ಹಪ್ಪಳ ಕಡಿಮೆಯಾದರೆ ಆಗಲಿ.

ಎಂಟರ ಮಗುವಿಗೆ ಬೇರೆ ಕ್ರಮ. ಅಕ್ಷರ ಕೂಡಿಸಿ ಓದುವ ಮಗುವಿಗೆ ‘ಓದು’ ಎಂದರೆ ಒತ್ತಕ್ಷರದ ಮೇಲೆ ಎಡವಿ ಬೀಳುವುದೇ ಅದರ ಕೆಲಸವಾಗುತ್ತದೆ. ಕಥೆ ಎಲ್ಲೋ ಹಿಂದೆ ಉಳಿದಿರುತ್ತದೆ. ಕೆಲವು ದಿನ ಬರೇ ಕೇಳಲಿ. ಡಾ. ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ ಇಂಥ ಮನೆಗೆಂದೇ ಮಾಡಿಸಿದಂತಿದೆ. ವರ್ಷದ 365 ದಿನಕ್ಕೆ 365 ಕಥೆ, ಹನ್ನೆರಡು ಸಂಪುಟ. ಎಲ್ಲವನ್ನೂ ಕೊಳ್ಳಬೇಡಿ, ಒಂದೆರಡು ಸಾಕು. ಮಲಗುವ ಹೊತ್ತಿಗೆ ಯಾರಾದರೂ ಒಂದು ಓದಿ. ಎರಡನೆಯದಕ್ಕೆ ಪೀಡಿಸಿದರೆ ‘ನಾಳೆ’ ಎನ್ನಿ. ನಾಳೆ ಮಧ್ಯಾಹ್ನ ತಾನೇ ಕೂಡಿಸಿ ಕೂಡಿಸಿ ಓದಲು ಹೊರಟರೆ ನಿಮ್ಮ ಕೆಲಸ ಆಯಿತು. ಆಗ ತಪ್ಪು ತಿದ್ದಲು ಹೋಗಬೇಡಿ.

ಗಟ್ಟಿಯಾಗಿ ಓದಲು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಬ್ರೌನಿಂಗನ ಇಂಗ್ಲಿಷ್ ಕವಿತೆಯೊಂದರ ಎಳೆ ಹಿಡಿದು ಬರೆದದ್ದು ಎಂದು ನಂಬುವುದೇ ಕಷ್ಟ, ಅದರ ಇಲಿಗಳೆಲ್ಲ ಅಪ್ಪಟ ನಮ್ಮೂರಿನವು. ಮಲೆನಾಡಿನ ಹಳೆಯ ಮನೆ, ಕತ್ತಲೆಯ ಅಟ್ಟ, ಅಟ್ಟದಲ್ಲಿ ನಿಜಕ್ಕೂ ಓಡುವ ಇಲಿ, ಇಷ್ಟಿರುವಲ್ಲಿ ಆ ಪದ್ಯವನ್ನು ತಾಳ ಹಾಕಿ ಓದಿದರೆ ಬೆಂಗಳೂರಿನ ಮಗು ದೀಪ ಆರಿಸಲು ಬಿಡುವುದಿಲ್ಲ. ಪುಸ್ತಕ ಸಿಗದ ಊರಾದರೆ, ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಜಾಲತಾಣದಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಂಡೂ ಒಯ್ಯಬಹುದು. ಹೊರದೇಶದಲ್ಲಿರುವ ಕನ್ನಡದ ಮಕ್ಕಳಿಗೂ ನಾನು ಅದನ್ನೇ ಹೇಳುವುದು.

ಈಗ ನಿಮ್ಮ 15ರ ಮಗ. ನಿಮ್ಮ ಮನೆಯಲ್ಲಿ ಇವನೇ ಕಷ್ಟದ ಗಿರಾಕಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಪ್ರಾಯದ ಹುಡುಗರಿಗೆ ದೊಡ್ಡವರು ಹೊಗಳಿದ ಪುಸ್ತಕ ವಿಷ. ಹತ್ತನೆಯ ತರಗತಿ ಮುಗಿಸಿದವನೊ, ಇನ್ನು ಬರೆಯಬೇಕಾದವನೊ, ಹೇಗಿದ್ದರೂ ‘ಇದರಿಂದ ನಿನಗೆ ಏನು ತಿಳಿಯಿತು?’ ಎಂದು ಕೇಳಿ ಕೇಳಿ ಅವನ ಕಿವಿ ತೂತಾಗಿದೆ. ಅವನಿಗೆ ಬೇಕಾದದ್ದು ಆ ಪ್ರಶ್ನೆಗೆ ಉತ್ತರವೇ ಇಲ್ಲದ ಪುಸ್ತಕ.

ನನ್ನ ಅನುಭವದಲ್ಲಿ ಈ ಪ್ರಾಯದವರ ಕೈಯಲ್ಲಿ ಅಂಚು ಪೂರ್ತಿ ಮಾಸಿ ವಾಪಸು ಬರುತ್ತಿದ್ದ ಕಾದಂಬರಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರದ್ದು. ಮೂಡಿಗೆರೆಯ ಸುತ್ತಿನ ಕಾಡು, ಕರ್ವಾಲೊ ಎಂಬ ವಿಜ್ಞಾನಿ, ಅವರ ಹಿಂದೆ ಕೃಷಿ ಬಿಟ್ಟು ಓಡುವ ನಿರೂಪಕ, ಕಿವಿ ಎಂಬ ನಾಯಿ, ಮತ್ತು ಊರಿನವರ ಲೆಕ್ಕದಲ್ಲಿ ಯಾವ ಕೆಲಸಕ್ಕೂ ಬಾರದ ಮಂದಣ್ಣ. ಆ ಮಂದಣ್ಣನ ಕಣ್ಣಿಗೆ ಬಿದ್ದ ಹಾರುವ ಓತಿಯನ್ನು ಹುಡುಕಿಕೊಂಡು ಎಲ್ಲರೂ ಕಾಡಿಗೆ ಹೊರಡುತ್ತಾರೆ. ಓತಿ ಸಿಗುತ್ತದೆಯೆ ಎಂದು ನಾನು ಹೇಳಲಾರೆ, ನೀವೂ ಹೇಳಬೇಡಿ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಹುಡುಗರು ಮಂದಣ್ಣನನ್ನು ಹಿಡಿದುಕೊಂಡುಬಿಡುತ್ತಾರೆ. ದೊಡ್ಡ ವಿಜ್ಞಾನಿಯೊಬ್ಬ ಇವನನ್ನು ಗುರುವಿನಂತೆ ನೋಡುತ್ತಾನಲ್ಲ ಎಂಬುದು ಅವರಿಗೆ ಎಲ್ಲೋ ತಾಗುತ್ತದೆ. ಸಾಗರದ ಕಡೆಯ ಅಡಕೆ ತೋಟದಲ್ಲಿ ಹಾರುವ ಓತಿ ಕಂಡವರು ಸಿಕ್ಕಿಯೇ ಸಿಗುತ್ತಾರೆ. ತೋಟದ ಕೆಲಸದವರನ್ನು ಕೇಳಲು ಅವನು ತಾನಾಗಿ ಎದ್ದು ಹೋದರೆ ನೀವು ಹಿಂದೆ ಹೋಗಬೇಡಿ.

ಕೊಡುವ ಬಗೆಯೂ ಮುಖ್ಯ. ಕೈಗೆ ಕೊಡಲೇಬಾರದು. ಉಯ್ಯಾಲೆಯ ಮೇಲೊ, ಮೊಬೈಲ್ ಚಾರ್ಜಿಗೆ ಹಾಕುವ ಜಾಗದ ಪಕ್ಕದಲ್ಲೊ ಇಟ್ಟು ಸುಮ್ಮನಿರಿ. ಕೇಳಿದರೆ ‘ಅದು ಮಾವನದು, ಎಲ್ಲೂ ಕಳೆಯಬೇಡ’ ಎನ್ನಿ. ಇದು ಮೋಸ ಎನಿಸಿದರೆ ನಿಮ್ಮ ತಮ್ಮನಿಂದಲೇ ನಿಜಕ್ಕೂ ಕೊಳ್ಳಿಸಿ. ಹಿಡಿಸಿತೆಂದು ಕಂಡರೆ ಏಲಕ್ಕಿ ಮಾರಲು ಹೊರಟ ದಂಪತಿಯ ‘ಜುಗಾರಿ ಕ್ರಾಸ್’ ತಾನಾಗಿ ಅದರ ಹಿಂದೆ ಬರುತ್ತದೆ. ಹಿಡಿಸದಿದ್ದರೆ ತೇಜಸ್ವಿಯ ಮಾತನ್ನೇ ಬಿಟ್ಟು, ಅವನು ಮೊಬೈಲಿನಲ್ಲಿ ಏನು ನೋಡುತ್ತಾನೆ ಎಂದು ಎರಡು ದಿನ ಗಮನಿಸಿ. ಕ್ರಿಕೆಟ್ಟೊ, ಎಂಜಿನ್ನೊ, ದೆವ್ವವೊ ಎಂಬುದು ತಿಳಿದರೆ ಪುಸ್ತಕ ಹುಡುಕುವುದು ಸುಲಭ.

ನಿಮ್ಮ ತಮ್ಮನ ವಿಷಯದಲ್ಲಿ ನಿಮ್ಮ ಬರವಣಿಗೆಯಲ್ಲೇ ಸಣ್ಣ ಮುನಿಸು ಕಾಣುತ್ತದೆ. ಅದು ಬೇಡ. ಇಂಗ್ಲಿಷಿನಲ್ಲಿ ಓದುವವನು ಓದುಗನೇ. ಓದದವನಿಗಿಂತ ಅವನು ನೂರು ಪಾಲು ಹತ್ತಿರ. ಇಂಥವರಿಗೆ ಕನ್ನಡ ಬರುವುದಿಲ್ಲವೆಂದಲ್ಲ, ಕನ್ನಡದಲ್ಲಿ ಓದಿನ ವೇಗ ಬರುವುದಿಲ್ಲ. ಇಂಗ್ಲಿಷಿನ ಒಂದು ಪುಟ ಮುಗಿಯುವಷ್ಟರಲ್ಲಿ ಇಲ್ಲಿ ಒಂದು ಪ್ಯಾರಾ ದಾಟಿರುತ್ತದೆ. ಆ ಅವಮಾನಕ್ಕೆ ಪುಸ್ತಕ ಕೆಳಗಿಡುತ್ತಾರೆ. ಅವನಿಗೆ ತೆಳ್ಳಗಿನದು ಬೇಕು, ಮತ್ತು ಇಂಗ್ಲಿಷಿನಲ್ಲೂ ಇರುವಂಥದು ಬೇಕು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಶ್ರೀನಾಥ್ ಪೇರೂರ್ ಅವರ ಅನುವಾದದಲ್ಲಿ ಹೊರದೇಶಗಳಲ್ಲೂ ಓದಿಸಿಕೊಂಡ ನೀಳ್ಗತೆ. ಬೆಂಗಳೂರಿನ ಒಂದು ಸಂಸಾರಕ್ಕೆ ದಿಢೀರನೆ ದುಡ್ಡು ಬಂದಾಗ ಮನೆಯೊಳಗೆ ಏನೇನು ಜರುಗುತ್ತದೆ ಎನ್ನುವುದೇ ವಸ್ತು. ಅವನು ಅನುವಾದವನ್ನು ಓದಿದ್ದರೆ ಮೂಲ ಕೊಡಿ. ಕಥೆ ಗೊತ್ತಿರುವುದರಿಂದ ಕಣ್ಣು ಹೆದರದೆ ಓಡುತ್ತದೆ, ಮತ್ತು ‘ಇದನ್ನು ಇಂಗ್ಲಿಷಿಗೆ ಹೀಗೆ ತಂದಿದ್ದಾರಾ!’ ಎನ್ನುವ ಚಟ ಹಿಡಿಯುತ್ತದೆ. ಆ ಚಟ ಹಿಡಿದವರು ವಾಪಸು ಹೋದದ್ದನ್ನು ನಾನು ನೋಡಿಲ್ಲ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳಿಗೂ ಇದೇ ಸೂತ್ರ. ತೇಜಸ್ವಿನಿ ನಿರಂಜನ ಅವರ ಅನುವಾದವಿದೆ.

ಬಾನು ಮುಷ್ತಾಕರ ಹನ್ನೆರಡು ಕಥೆಗಳ ಅನುವಾದಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ, ದೀಪಾ ಭಾಸ್ತಿಯವರ ಇಂಗ್ಲಿಷಿನ ಮೂಲಕವೇ ಅನೇಕ ಕನ್ನಡಿಗರು ಹಾಸನದ ಆ ಕಥೆಗಾರ್ತಿಯನ್ನು ಮೊದಲ ಸಲ ಓದಿದರು. ಮೂಗು ಮುರಿಯುವವರು ಮುರಿಯಲಿ. ಸುತ್ತುದಾರಿಯಲ್ಲಿ ಬಂದವನೂ ಮನೆಗೆ ಬಂದವನೇ.

ಯಜಮಾನರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು ತುಣುಕು ಓದಿನ ಜನ. ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ವನ್ನು ಊಟದ ಮೇಜಿನ ಹತ್ತಿರ ಇಡಿ. ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿ ಎಲ್ಲವೂ ಆ ಖಂಡದಿಂದ ಹಡಗು ಹತ್ತಿ ಬಂದವೆಂದು ತಿಳಿದರೆ ಅವರು ಪತ್ರಿಕೆಯ ಸುದ್ದಿಯಂತೆಯೇ ಅದನ್ನು ಎಲ್ಲರಿಗೂ ಓದಿ ಹೇಳುತ್ತಾರೆ. ಹೇಳದಿದ್ದರೆ ಬಿಡಿ. ಮನೆಯಲ್ಲಿ ಒಬ್ಬರು ಓದದೆ ಇದ್ದರೆ ಕೆಟ್ಟು ಹೋಗುವುದೇನೂ ಇಲ್ಲ, ಮಾವಿನ ಹಣ್ಣು ಹೆಚ್ಚಲು ಯಾರಾದರೂ ಬೇಕಲ್ಲ.

ನಿಮಗೇನು ಬೇಕೆಂದು ನೀವು ಕೇಳಲೇ ಇಲ್ಲ. ಎಲ್ಲರ ತಟ್ಟೆಗೂ ಬಡಿಸುವವರು ಹೀಗೆಯೇ. ಏಪ್ರಿಲ್ ತುಂಬ ನಿಮಗೆ ಬಿಡುವಿರುವುದಿಲ್ಲ: ಅಪ್ಪೆಮಿಡಿಯ ಉಪ್ಪಿನಕಾಯಿ, ನೆಂಟರು, ಮದುವೆ, ಉಪನಯನ. ಆಗ ಶಿವರಾಮ ಕಾರಂತರ ‘ಬೆಟ್ಟದ ಜೀವ’ದಂಥ ಸಣ್ಣದನ್ನು ಹಿಡಿಯಿರಿ. ಸುಬ್ರಹ್ಮಣ್ಯದ ಕಾಡಿನ ಕಡೆ ದಾರಿ ತಪ್ಪಿ ಬಂದವನೊಬ್ಬನನ್ನು ಗೋಪಾಲಯ್ಯ ‘ಇವತ್ತು ಇರಿ, ನಾಳೆ ಹೋದರಾಯಿತು’ ಎನ್ನುವ ಧಾಟಿಯಲ್ಲಿ ಉಳಿಸಿಕೊಳ್ಳುತ್ತಲೇ ಹೋಗುತ್ತಾನೆ. ಮಗ ಮನೆ ಬಿಟ್ಟು ಹೋದ ಮುದಿ ದಂಪತಿಗೆ ಒಬ್ಬ ಅತಿಥಿ ಎಂದರೆ ಏನೆಂಬುದು ಪುಟ ಪುಟದಲ್ಲಿ ಇದೆ, ಎಲ್ಲೂ ಗೋಳಿಲ್ಲ. ರಜೆ ಮುಗಿದು ನೀವೆಲ್ಲ ಗಾಡಿ ಹತ್ತುವ ದಿನ ನಿಮ್ಮ ಅಮ್ಮ ಬಾಗಿಲಲ್ಲಿ ನಿಲ್ಲುವುದನ್ನು ಆಮೇಲೆ ನೀವು ಬೇರೆ ಕಣ್ಣಿನಿಂದ ನೋಡುವಿರಿ.

ಮೇ ಎರಡನೆಯ ವಾರದ ಹೊತ್ತಿಗೆ ನೆಂಟರ ಸಂದಣಿ ಕರಗುತ್ತದೆ. ಹಾರಿ ಹೋಗದೆ ಉಳಿದ ಆ ಎರಡು ವಾರವನ್ನು ನಿಮಗಾಗಿ ಎತ್ತಿಡಿ. ದೊಡ್ಡದು ಓದಬೇಕೆಂಬ ಆಸೆ ಇದ್ದರೆ ‘ಮಲೆಗಳಲ್ಲಿ ಮದುಮಗಳು’ ಆಗಲೇ. 1967ರಲ್ಲಿ ಬಂದ ಆ ಕಾದಂಬರಿಯನ್ನು ಮೂವತ್ತನೆಯ ಪುಟದಲ್ಲಿ ಬಿಟ್ಟವರ ಮೆರವಣಿಗೆಯನ್ನೇ ನಾನು ನೋಡಿದ್ದೇನೆ. ಕಾರಣ ಒಂದೇ: ಹೆಸರುಗಳು. ಗುತ್ತಿ, ಅವನ ನಾಯಿ ಹುಲಿಯ, ಹಳೆಪೈಕದವರು, ಗೌಡರ ಮನೆಗಳು, ಕೇರಿಗಳು, ಒಬ್ಬರ ಹಿಂದೊಬ್ಬರು ಬಂದು ತಲೆ ತಿರುಗುತ್ತದೆ. ಒಂದು ಹಾಳೆಯಲ್ಲಿ ಮನೆಮನೆಯ ಹೆಸರು ಬರೆದುಕೊಂಡು ಪುಸ್ತಕದೊಳಗೇ ಇಟ್ಟುಕೊಳ್ಳಿ. ನೂರು ಪುಟ ದಾಟಿದ ಮೇಲೆ ಆ ಹಾಳೆ ಬೇಕಾಗುವುದಿಲ್ಲ, ಅವರೆಲ್ಲ ನಿಮ್ಮೂರಿನವರಾಗಿರುತ್ತಾರೆ. ಅಷ್ಟು ದೊಡ್ಡದು ಬೇಡವೆಂದರೆ ದೇವನೂರ ಮಹಾದೇವರ ‘ಒಡಲಾಳ’ ಇದೆ. ಒಂದೇ ಮಧ್ಯಾಹ್ನದ ಪುಸ್ತಕ, ಸಾಕವ್ವನ ಹುಂಜ ಕಳೆದದ್ದರಿಂದ ತೊಡಗುತ್ತದೆ. ಮೈಸೂರು ಸೀಮೆಯ ಆ ಮಾತು ಸಾಗರದ ಕಿವಿಗೆ ಮೊದಲು ಒರಟೆನಿಸಬಹುದು. ಬಾಯಿಬಿಟ್ಟು ಓದಿ, ಕಣ್ಣಿಗೆ ಸಿಕ್ಕದ ಅರ್ಥ ನಾಲಗೆಗೆ ಸಿಗುತ್ತದೆ.

ಇನ್ನು ‘ಒಬ್ಬರಿಗೊಬ್ಬರು ಹೇಳಿಕೊಳ್ಳುವ’ ಸಂಗತಿ. ಭಾರತದ ಗ್ರಂಥಾಲಯಗಳಿಗೆಲ್ಲ ಹಿರಿಯರಾದ ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟರಾಗಿದ್ದವರು. 1931ರಲ್ಲಿ ಐದು ಸೂತ್ರ ಬರೆದರು, ಬದುಕಿನ ಕೊನೆಯ ಭಾಗವನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲೇ ತೀರಿಕೊಂಡರು. ಅವರ ಎರಡನೆಯ ಸೂತ್ರ ಪ್ರತಿ ಓದುಗನಿಗೂ ಅವನದೇ ಪುಸ್ತಕ ಸಿಗಬೇಕೆಂದು. ಮೂರನೆಯದು ಅದನ್ನೇ ತಿರುಗಿಸಿ, ಪ್ರತಿ ಪುಸ್ತಕಕ್ಕೂ ಅದರದೇ ಓದುಗ ಸಿಗಬೇಕೆಂದು. ಎರಡನೆಯದನ್ನು ಎಲ್ಲರೂ ನೆನಪಿಡುತ್ತಾರೆ. ನನಗೆ ಮೂರನೆಯದರ ಮೇಲೆಯೇ ಒಲವು ಹೆಚ್ಚು. ಓದುಗನಿಲ್ಲದೆ ಕಪಾಟಿನಲ್ಲಿ ಕಾದಿರುವ ಪುಸ್ತಕಕ್ಕೆ ವರ ಹುಡುಕುವ ಕೆಲಸ ಅದು. ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದ್ದು, ಧಾರವಾಡದ ಅಟ್ಟದ ಮೇಲೆ ಕೂತು ಜಿ.ಬಿ. ಜೋಶಿಯವರು 1933ರಿಂದ ಮನೋಹರ ಗ್ರಂಥಮಾಲೆಗೆ ಚಂದಾದಾರರನ್ನು ಕೂಡಿಸಿದ್ದು ಎಲ್ಲ ಇದೇ ಕೆಲಸ. ಇಂಥ ಪುಸ್ತಕ ಬರುತ್ತದೆಂದು ತಿಳಿಯುವ ಮೊದಲೇ ಚಂದಾದಾರ ಹಣ ಕೊಟ್ಟಿರುತ್ತಿದ್ದ, ಆರಿಸುವವನ ಮೇಲಿನ ನಂಬಿಕೆಯಿಂದ. ನಿಮ್ಮ ಜಗಲಿಯಲ್ಲಿ ಬೆಳೆಯಬೇಕಾದದ್ದು ಅಂಥ ನಂಬಿಕೆ.

ಅದಕ್ಕೆ ಸಭೆ ಮಾಡಬೇಡಿ. ‘ಕಥಾಸಾರ ಹೇಳು’ ಎನ್ನಬೇಡಿ. ಸಂಜೆ ಬಿಸಿಲಿಳಿದು ಎಲ್ಲರೂ ಅಂಗಳದಲ್ಲಿ ಕೂತಾಗ ಯಾರಾದರೊಬ್ಬರು ತಮ್ಮ ಪುಸ್ತಕದ ಒಂದೇ ಪುಟ ಓದಲಿ. ತಾವು ಓದು ನಿಲ್ಲಿಸಿ ಸುಮ್ಮನೆ ಕೂತ ಪುಟವನ್ನೊ, ನಕ್ಕ ಪುಟವನ್ನೊ, ‘ಇದು ಸುಳ್ಳು’ ಎಂದು ರೇಗಿದ ಪುಟವನ್ನೊ ಆರಿಸಿಕೊಳ್ಳಲಿ. ‘ಚೆನ್ನಾಗಿದೆ’ ಎಂಬ ಪದಕ್ಕೆ ಮಾತ್ರ ಆ ಅಂಗಳದಲ್ಲಿ ನಿಷೇಧ. ಆ ಪದದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ‘ಅಕ್ಕಾ, ಇದರಲ್ಲಿ ನಿನ್ನ ಹಾಗೇ ಒಬ್ಬಳು ಇದ್ದಾಳೆ’ ಎಂದು ನಿಮ್ಮ ತಮ್ಮ ಹೇಳಿದರೆ ಮರುದಿನ ಆ ಪುಸ್ತಕ ನಿಮ್ಮ ಕೈಯಲ್ಲಿರುತ್ತದೆ. ಅದು ಶಿಫಾರಸು.

ಇನ್ನೊಂದು ರೂಢಿ ಗ್ರಂಥಾಲಯದಿಂದ ಎರವಲು ತನ್ನಿ. ಹಳೆಯ ಪುಸ್ತಕಗಳ ಕೊನೆಯಲ್ಲಿ ದಿನಾಂಕದ ಚೀಟಿ ಅಂಟಿಸಿರುತ್ತಿದ್ದರಲ್ಲ, ಹಾಗೆ ಪ್ರತಿ ಪುಸ್ತಕದ ಕೊನೆಗೆ ಒಂದು ಬಿಳಿ ಚೀಟಿ ಇಡಿ. ಓದಿದವರು ಹೆಸರು ಬರೆಯಲಿ. ಪೂರ್ತಿ ಓದದವರು ನಿಲ್ಲಿಸಿದ ಪುಟದ ಸಂಖ್ಯೆ ಬರೆಯಲಿ, ಯಾಕೆ ಎಂದು ಯಾರೂ ಕೇಳಬಾರದು. ಇದನ್ನು ಮೊದಲು ನೀವೇ ಮಾಡಿ ತೋರಿಸಿ. ಅಮ್ಮ ‘ಪುಟ 41’ ಎಂದು ಬರೆದು ಪುಸ್ತಕ ಕೆಳಗಿಟ್ಟದ್ದನ್ನು ಕಂಡ ಮಕ್ಕಳು ಮೊದಲ ಸಲ ಹಗುರಾಗುತ್ತಾರೆ. ಬಿಡಬಹುದು ಎಂದು ಗೊತ್ತಾದ ಮೇಲೆಯೇ ಅವರು ಹಿಡಿಯುವ ಧೈರ್ಯ ಮಾಡುವುದು.

ಈ ಸಲ ಕೊಳ್ಳುವುದನ್ನು ಕಡಿಮೆ ಮಾಡಿ. ಹೋದ ವರ್ಷದ ಹದಿನಾಲ್ಕರಲ್ಲಿ ಅಂಚು ಬೆಳ್ಳಗಿರುವವನ್ನು ಒಯ್ದು ಅವುಗಳಿಗೆ ಹೊಸ ಓದುಗ ಯಾರೆಂದು ನೋಡಿ. ಉಳಿದದ್ದಕ್ಕೆ ಸಾರ್ವಜನಿಕ ಗ್ರಂಥಾಲಯವಿದೆ. ನಮ್ಮ ರಾಜ್ಯದಲ್ಲಿ 1965ರಿಂದ ಗ್ರಂಥಾಲಯ ಕಾಯ್ದೆ ಇದೆ; ಪಟ್ಟಣದಲ್ಲಿ ನೀವು ಕಟ್ಟುವ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಎಂದು ನೂರಕ್ಕೆ ಆರು ಸೇರಿರುತ್ತದೆ. ಹಣ ಕೊಟ್ಟು ಬಿಟ್ಟಿದ್ದೀರಿ, ಪುಸ್ತಕ ತರುವುದಷ್ಟೇ ಬಾಕಿ. ಠೇವಣಿ ಕಟ್ಟಿ ಸದಸ್ಯರಾಗಿ, ಹೊರಡುವ ವಾರ ದಾವಣಗೆರೆಯಿಂದಲೇ ತೆಗೆದುಕೊಂಡು ಹೋಗಿ; ವಾಪಸು ಕೊಡುವ ದಿನ ಮಾತ್ರ ಮೊದಲೇ ವಿಚಾರಿಸಿ. ನಿಮ್ಮ ತವರಿನ ಪಂಚಾಯಿತಿಯಲ್ಲೂ ಗ್ರಂಥಾಲಯ ಇರಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಿದರು, ಈಗ ‘ಅರಿವು ಕೇಂದ್ರ’ ಎಂಬ ಫಲಕ ಇರುತ್ತದೆ. ಎಲ್ಲ ಕಡೆ ಒಂದೇ ಥರ ನಡೆಯುತ್ತಿಲ್ಲ ನಿಜ. ಆದರೂ ಮಕ್ಕಳನ್ನು ಒಂದು ಬೆಳಿಗ್ಗೆ ಅಲ್ಲಿಗೆ ನಡೆಸಿಕೊಂಡು ಹೋಗಿ, ತಮ್ಮ ಕೈಯಾರೆ ಆರಿಸಲಿ. ಹೊರಗಿನ ಬಿಸಿಲಿನಿಂದ ಒಳಗೆ ಬಂದ ಮಗು ಕಪಾಟಿನ ಕೆಳಗಿನ ಸಾಲಿನ ಮುಂದೆ ನೆಲದ ಮೇಲೆ ಕೂತುಬಿಡುತ್ತದೆ. ಎಬ್ಬಿಸಬೇಡಿ. ಎರವಲು ತಂದದ್ದಕ್ಕೆ ಪತ್ರಿಕೆಯ ಹಾಳೆಯ ಹೊದಿಕೆ ಹಾಕಿ. ಹಲಸಿನ ಮೇಣ ಎಣ್ಣೆಗೆ ಬಿಡುತ್ತದೆ, ಆದರೆ ಎಣ್ಣೆಯ ಕಲೆ ಪುಸ್ತಕದಿಂದ ಬಿಡುವುದಿಲ್ಲ.

ಉಳಿದದ್ದು ಬಹುಮಾನದ ಪ್ರಶ್ನೆ. ಬೇಡ. ಒಂದು ಬೇಸಿಗೆಯಲ್ಲಿ ನಾನೂ ಇಟ್ಟಿದ್ದೆ: ರಜೆಯಲ್ಲಿ ಅತಿ ಹೆಚ್ಚು ಪುಸ್ತಕ ಒಯ್ದ ಮಗುವಿಗೆ ಒಂದು ಕಂಪಾಸು ಪೆಟ್ಟಿಗೆ. ಒಬ್ಬ ಹುಡುಗ ಬೆಳಿಗ್ಗೆ ಒಯ್ದದ್ದನ್ನು ಸಂಜೆಗೆ ತಂದು ಕೊಡುತ್ತಿದ್ದ, ಎಲ್ಲವೂ ತೆಳ್ಳಗಿನವು, ಎಲ್ಲದರ ಅಂಚೂ ಬೆಳ್ಳಗೆ. ಅದೇ ಬೇಸಿಗೆಯಲ್ಲಿ ಒಬ್ಬ ಹುಡುಗಿ ಕಾರಂತರ ‘ಬಾಲ ಪ್ರಪಂಚ’ದ ಒಂದು ಸಂಪುಟ ಒಯ್ದಳು. ಅವಧಿ ಮುಗಿದಾಗ ತಂದು ಅದನ್ನೇ ಮತ್ತೆ ಒಯ್ದಳು, ಮತ್ತೊಮ್ಮೆ ಒಯ್ದಳು. ನನ್ನ ದಾಖಲೆ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಇದ್ದದ್ದು ಒಂದೇ ಶೀರ್ಷಿಕೆ. ಮೇ ಕೊನೆಯ ದಿನ ನಾನೇ ನಿಂತು ಕಂಪಾಸು ಪೆಟ್ಟಿಗೆಯನ್ನು ಆ ಹುಡುಗನಿಗೆ ಕೊಟ್ಟೆ, ಮಕ್ಕಳು ಚಪ್ಪಾಳೆ ತಟ್ಟಿದರು. ಎಲ್ಲರೂ ಹೋದ ಮೇಲೆ ಹುಡುಗಿ ಮೇಜಿನ ಹತ್ತಿರ ಬಂದು ಪುಸ್ತಕ ಮುಂದಿಟ್ಟಳು. ಅಂಚು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಮಾಸಿತ್ತು. ವಾಪಸು ಕೊಡಲು ಬಂದಿದ್ದಾಳೆ ಎಂದುಕೊಂಡು ನಾನು ಕೈ ಚಾಚಿದರೆ, ‘ಇನ್ನೊಂದು ಸಲ ತಾರೀಖು ಹಾಕಿ ಸಾರ್’ ಎಂದಳು.